ಒದ್ದೆ ನೋಟುಗಳು

ಅರ್ಜಿಯಲ್ಲಿ ಹೆಸರಿಗೆ ಹದಿನೆಂಟೇ ಮನೆ.
ಲುದಿವಿನಾ ಅರ್ರಿಯಾಗಾ ಬೆಹಾರಾನೊ:
ಅಮ್ಮನ ಹೆಸರಿನ ಮೊದಲ ಅಕ್ಷರಕ್ಕೇ
ಕಂಪ್ಯೂಟರು ನಿಂತುಬಿಟ್ಟಿತು.
"ಉಳಿದದ್ದು?" ಅಂದಳು.
ಅಂಚಿನಲ್ಲಿ ಪೆನ್ನಿನಿಂದ ಬರೆದುಕೊಂಡೆ.
ನಮ್ಮಿಬ್ಬರ ಮೊದಲ ವ್ಯವಹಾರ ಅದು.

ಕಾನ್ಸಸ್‌ನ ಪಶ್ಚಿಮಕ್ಕೆ, ಗಾಳಿ ಕೂತು ಗೊತ್ತಿಲ್ಲದ ಊರು.
ದನ ಕಡಿಯುವ ಕಾರ್ಖಾನೆಯ ದೀಪ ರಾತ್ರಿಯಿಡೀ ಆರುವುದಿಲ್ಲ.
ಹಿಂದೆ ಬೂಟಿನ ಅಂಗಡಿಯಾಗಿದ್ದ ಕಟ್ಟಡದಲ್ಲಿ
ನಮ್ಮ ಸಾಲದ ಸಹಕಾರ ಸಂಘ.
ಗೋಡೆಯಲ್ಲಿನ್ನೂ ಮೊಣಕಾಲೆತ್ತರದ ಕನ್ನಡಿ,
ಬಂದವರ ಮುಖ ತೋರಿಸದು, ಬೂಟು ತೋರಿಸುತ್ತದೆ.
ಅವಳದ್ದು ರಬ್ಬರಿನದು. ಹಿಮ್ಮಡಿಯಲ್ಲಿ ಒಣಗಿದ ಹಿಟ್ಟು.

ಬೇಕಾದದ್ದು ಒಂದು ಹಳೆಯ ಟ್ರೇಲರು,
ಒಳಗೆ ಎರಡು ಒಲೆ, ಕೈ ತೊಳೆಯಲೊಂದು ತೊಟ್ಟಿ,
ಹನ್ನೊಂದು ಸಾವಿರದ ನಾನೂರು.
ಹೆದ್ದಾರಿಯ ದೊಡ್ಡ ಬ್ಯಾಂಕು ನಗುನಗುತ್ತಲೇ ಕಳಿಸಿತ್ತು:
ಸ್ಕೋರು ಇಲ್ಲ. ಕಡಿಮೆಯಲ್ಲ, ಇಲ್ಲ.
ಸಾಲವನ್ನೇ ಮಾಡದವರು ಇಲ್ಲಿ
ಹುಟ್ಟಿಯೇ ಇಲ್ಲದವರು.

ಅಜ್ಜನ ಸ್ಪ್ಯಾನಿಷ್ ನನ್ನಲ್ಲಿ ಉಳಿದದ್ದು ಊಟದ ಪದಗಳಷ್ಟು.
ಅದರಲ್ಲೇ ಕೇಳಿದೆ: ಲೆಕ್ಕದ ಪುಸ್ತಕ?
ಚೀಲದಿಂದ ಶಾಲೆಯ ನೋಟ್‌ಬುಕ್ಕು ಬಂತು, ರಟ್ಟಿನ ಮೇಲೆ ಕುದುರೆ.
ವ್ಯಾಪಾರದ್ದಲ್ಲ, ತಾಂದಾದ ಲೆಕ್ಕ:
ಹತ್ತು ಹೆಂಗಸರು, ವಾರಕ್ಕೆ ಐವತ್ತು,
ಸರದಿ ಬಂದವಳಿಗೆ ಇಡೀ ಗಂಟು.
ಚೀಟಿ ಹಾಕುವುದು ಅಂತಾರಲ್ಲ, ಅದೇ.
ಒಂಬತ್ತು ವರ್ಷ, ಒಂದು ವಾರವೂ ಖಾಲಿಯಿಲ್ಲ.
ಒಂದು ಪುಟದಲ್ಲಿ ಒಫೇಲಿಯಾ ಎಂಬ ಹೆಸರಿಗೆ ಅಡ್ಡಗೆರೆ;
ಗೆರೆಯಾಚೆಗೂ ಐವತ್ತು, ಐವತ್ತು, ಐವತ್ತು.
"ಅವಳು ಹೋದ ಮೇಲೆ ಕಟ್ಟಿದ್ದು ಯಾರು?"
"ಉಳಿದವರು. ಸರದಿ ಅವಳ ಮಗನಿಗೆ ಬರಬೇಕಿತ್ತಲ್ಲ."
ಎಷ್ಟು ಸಾದಾ ದನಿಯಲ್ಲಿ ಅಂದಳೆಂದರೆ
ಮುಂದಿನ ಪ್ರಶ್ನೆ ನನಗೆ ಮರೆತೇಹೋಯಿತು.

ಸಮಿತಿಯಲ್ಲಿ ಐದು ಜನ.
"ಕುದುರೆ ಚಿತ್ರದ ಪುಸ್ತಕ ಒಂದು ದಾಖಲೆಯೇ?"
ಕೇಳಿದ್ದು ವರ್ಲಿನ್, ನಿವೃತ್ತ ವೆಲ್ಡರು, ಕೆಟ್ಟವನಲ್ಲ.
"ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಪ್ಪ."
ನಾನೆಂದೆ, ಅವಳು ರಾತ್ರಿ ಮಲಗುವುದೇ ಇಲ್ಲ ವರ್ಲಿನ್,
ಬಾ, ನೋಡು.

ರಾತ್ರಿ ಎರಡು. ಗೇಟಿನ ಬಳಿ.
ಪಾಳಿಯ ಬಿಡುವು ಇಪ್ಪತ್ತೇ ನಿಮಿಷ.
ಕಾರಿನ ಡಿಕ್ಕಿ ತೆರೆದಳು, ಹಬೆ ಎದ್ದಿತು,
ಮೆಕ್ಕೆಜೋಳದ ಸಿಪ್ಪೆಯಲ್ಲಿ ಸುತ್ತಿದ ತಮಾಲೆ
ಕೈಯಿಂದ ಕೈಗೆ, ಹೆಪ್ಪುಗಟ್ಟುವ ಮೊದಲು.
ಹಸಿರು ಮುಚ್ಚಳದ ಪಾತ್ರೆ ಬೇರೆ ಇಟ್ಟಿದ್ದಳು,
ಹಂದಿ ಮುಟ್ಟದ ಸೊಮಾಲಿ ಹುಡುಗರಿಗೆ. ಸೌಟೂ ಬೇರೆ.
ಕೈಚೀಲದೊಳಗೆ ಬೆರಳು ಮಡಿಸುತ್ತ ನಾವು ಎಣಿಸಿದೆವು:
ನೂರಾ ನಲವತ್ತರವರೆಗೆ ನಾನು.
ವರ್ಲಿನ್‌ಗೆ ಅರವತ್ತಕ್ಕೇ ಲೆಕ್ಕ ತಪ್ಪಿತು,
ಬಾಯಿ ತುಂಬಿತ್ತು.

ಮೊದಲ ಕಂತು ತಂದಳು. ನೋಟುಗಳೆಲ್ಲ ಒದ್ದೆ,
ಹಬೆ ಕುಡಿದು ಮೆತ್ತಗಾದ ಒಂದು, ಐದು, ಹತ್ತು.
ಎಣಿಸುವ ಯಂತ್ರ ನಾಲಿಗೆ ಚಾಚಿ ಉಗುಳಿತು, ಮತ್ತೆ ಉಗುಳಿತು.
ಕೊನೆಗೆ ಬೆರಳಿಂದಲೇ ಎಣಿಸಿದೆ.
ಆ ಸಂಜೆ ಕಾಗದಗಳಿಗೆಲ್ಲ ಜೀರಿಗೆಯ ವಾಸನೆ.

ಮಾರ್ಚಿನಲ್ಲಿ ವಾರ್ಷಿಕ ಸಭೆ: ತೆಳು ಕಾಫಿ, ಲಾಟರಿಗೊಂದು ಕಂಬಳಿ.
ಹಿಂದಿನ ಸಾಲಿನಿಂದ ಎದ್ದಳು.
"ಐದು ಡಾಲರಿಗೆ ಒಂದು ಪಾಲು,
ನೀನೂ ಮಾಲೀಕಳು, ಅಂದಿದ್ದಿರಿ.
ಹಾಗಾದರೆ ನಾನು ನಿದ್ದೆಯಿಂದ ಏಳುವ ಹೊತ್ತಿಗೆ
ನನ್ನ ಸಂಘಕ್ಕೆ ಬೀಗ ಯಾಕೆ?"
ಯಾರೂ ಮಾತಾಡಲಿಲ್ಲ. ಹೀಟರು ಮಾತ್ರ ಗುಂಯ್ ಅನ್ನುತ್ತಿತ್ತು.
ವರ್ಲಿನ್ ಕೆಮ್ಮಿದ, ಕೈ ಎತ್ತಿದ: ಅನುಮೋದನೆ.

ನಡಾವಳಿ ಬರೆಯುವ ಕೆಲಸ ನನ್ನದು.
ಆ ಪುಸ್ತಕದಲ್ಲಿ ಮನೆಗಳಿಲ್ಲ, ಬರೀ ಗೆರೆ.
ಹೆಸರು ಪೂರ್ತಿ ಹಿಡಿಸಿತು.
ಬೀಗದ ವಿಷಯ ಮುಂದಿನ ಸಭೆಗೆ.